ಬಣ್ಣ ಒಂದೇ, ಪ್ರಭೇದ ಎರಡು: ಡ್ಯಾಮ್‌ಸೆಲ್‌ಫ್ಲೈಗಳಲ್ಲಿ ಅಡಗಿರುವುದನ್ನು ಬಯಲಿಗೆಳೆಯುವ ಬಗೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಸವದತ್ತಿ, ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅದೇ ತಾಲ್ಲೂಕಿನ ದೇಗಾಂವ ಕಡೆಯ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗಿ ಗೋವಾ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ. ಒಂದರ ನೀರು ಬಂಗಾಳ ಕೊಲ್ಲಿಗೆ, ಇನ್ನೊಂದರದು ಅರಬ್ಬಿ ಸಮುದ್ರಕ್ಕೆ. ನಡುವೆ ಇರುವುದು ಒಂದೆರಡು ಗುಡ್ಡದ ಸಾಲು. ಈ ಎರಡೂ ಕಡೆಯ ಹಳ್ಳಗಳಲ್ಲಿ ಬಣ್ಣ, ಗಾತ್ರ, ಕೂರುವ ಭಂಗಿ ಎಲ್ಲವೂ ಒಂದೇ ಆಗಿರುವ ಡ್ಯಾಮ್‌ಸೆಲ್‌ಫ್ಲೈಗಳು ಸಿಕ್ಕರೆ ಅವನ್ನು ಒಂದೇ ಪ್ರಭೇದ ಎಂದು ಬರೆದುಕೊಳ್ಳುವುದು ವಾಡಿಕೆ. ಹಾಗೆ ಬರೆದುಕೊಳ್ಳುವುದು ಯಾವಾಗ ಸರಿ, ಯಾವಾಗ ತಪ್ಪು ಎಂದು ತೀರ್ಮಾನಿಸಲು ಮೈಯ ಸಾಕ್ಷಿಯೂ ಬೇಕು, ಡಿಎನ್‌ಎ ಸಾಕ್ಷಿಯೂ ಬೇಕು. ಎರಡರಲ್ಲೂ ಮೋಸ ಹೋಗಲು ದಾರಿಗಳಿವೆ.

ಡ್ಯಾಮ್‌ಸೆಲ್‌ಫ್ಲೈ ಎಂದರೆ ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಡ್ರ್ಯಾಗನ್‌ಫ್ಲೈಯ ಬಳಗದ್ದೇ, ಮೈಕಟ್ಟು ಮಾತ್ರ ತೆಳು. ಡ್ರ್ಯಾಗನ್‌ಫ್ಲೈ ಕೂತಾಗಲೂ ರೆಕ್ಕೆ ಅಗಲಿಸಿಯೇ ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ಬೆನ್ನ ಮೇಲೆ ಮಡಚಿಕೊಳ್ಳುತ್ತವೆ. ಕಣ್ಣುಗಳು ತಲೆಯ ಎರಡು ಬದಿಗೆ ದೂರದೂರ ಇರುತ್ತವೆ. ಮೊಟ್ಟೆ, ಮರಿ ಎರಡೂ ನೀರಿನಲ್ಲಿ.

ಹೊರನೋಟಕ್ಕೆ ಬೇರ್ಪಡಿಸಲಾಗದೆ ಒಂದೇ ಹೆಸರಿನಡಿ ಸೇರಿಹೋದ ಎರಡು ಅಥವಾ ಹೆಚ್ಚು ಪ್ರಭೇದಗಳನ್ನು ಅಡಗಿದ ಪ್ರಭೇದಗಳು ಎನ್ನುತ್ತಾರೆ. ಇದನ್ನು ಕಾಣಲು ದೂರ ಹೋಗಬೇಕಿಲ್ಲ. ವಿಜಯಪುರದ ಭೂತನಾಳ ಕೆರೆಯಂಥ ನೀರಿನಂಚಿನ ಹುಲ್ಲಿನಲ್ಲಿ, ಕೃಷಿ ಹೊಂಡಗಳಲ್ಲಿ ಹಾರುವ ಹಳದಿ ಹೊಟ್ಟೆಯ, ಬಾಲದ ತುದಿ ನೀಲಿಯಾದ ಪುಟ್ಟ ಹುಳವನ್ನು ಬಹುಕಾಲ ಇಸ್ಕ್ನೂರಾ ಅರೋರಾ ಎಂದೇ ಕರೆಯುತ್ತಿದ್ದರು. ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ದ್ವೀಪಗಳಲ್ಲಿ ಇರುವುದಕ್ಕೂ ಇದೇ ಹೆಸರಿತ್ತು. ಈಗ ಭಾರತದ್ದನ್ನು ಇಸ್ಕ್ನೂರಾ ರುಬಿಲಿಯೊ ಎಂದು ಬೇರೆಯಾಗಿ ಪಟ್ಟಿ ಮಾಡುತ್ತಾರೆ. ಹರಿಯುವ ನೀರಿನ ಬಳಿಯ ಲಿಬೆಲಾಗೊ ಕೂಡ ಹಾಗೆಯೇ: ಹಳೆಯ ಪಟ್ಟಿಗಳಲ್ಲಿ ಲಿನಿಯೇಟಾ ಎಂದಿದ್ದದ್ದು ದಕ್ಷಿಣ ಭಾರತದ ಮಟ್ಟಿಗೆ ಇಂಡಿಕಾ ಆಗಿದೆ. ಎರಡೂ ಹೆಸರು ಹೊಸದಲ್ಲ. ಹಿಂದೆಯೇ ಕೊಟ್ಟಿದ್ದ ಹೆಸರುಗಳು ಉಪಪ್ರಭೇದವಾಗಿಯೋ ಪರ್ಯಾಯ ಹೆಸರಾಗಿಯೋ ಮೂಲೆ ಸೇರಿ, ಆಮೇಲೆ ಎದ್ದು ಬಂದಿವೆ.

ಬಣ್ಣದ ಮೇಲೆ ಭಾರ ಹಾಕಬಾರದು

ಬಣ್ಣ ಮೊದಲು ಕಣ್ಣಿಗೆ ಬೀಳುತ್ತದೆ, ಮೊದಲು ಕೈ ಕೊಡುವುದೂ ಅದೇ. ನೀರಿನಿಂದ ಎದ್ದು ಪೊರೆ ಬಿಟ್ಟ ಹೊಸ ಹುಳದ ಮೈ ಮೆತ್ತಗೆ, ಬಿಳಿಚಿಕೊಂಡಿರುತ್ತದೆ. ನಿಜವಾದ ಬಣ್ಣ ಬರಲು ದಿನಗಳು ಬೇಕು. ಕೆಲವು ಪ್ರಭೇದಗಳಲ್ಲಿ ವಯಸ್ಸಾದ ಗಂಡಿನ ಮೈ ಮೇಲೆ ಬೂದಿ ಬಳಿದಂಥ ಪುಡಿ ಕಟ್ಟಿ ಗುರುತುಗಳೇ ಮುಚ್ಚಿಹೋಗುತ್ತವೆ. ಸತ್ತ ಮೇಲೆ ನೀಲಿ ಕಂದಾಗುತ್ತದೆ. ಇದೆಲ್ಲಕ್ಕಿಂತ ದೊಡ್ಡ ಗೊಂದಲ ಹೆಣ್ಣುಗಳದು. ನಮ್ಮ ಕೆರೆ, ಕಾಲುವೆಗಳಲ್ಲಿ ಹೇರಳವಾಗಿರುವ ಇಸ್ಕ್ನೂರಾ ಸೆನೆಗಲೆನ್ಸಿಸ್‌ನ ಹೆಣ್ಣುಗಳಲ್ಲಿ ಎರಡು ಬಗೆ: ಒಂದು ಗಂಡಿನಂತೆಯೇ ನೀಲಿ ಗುರುತಿನದು, ಇನ್ನೊಂದು ಎಳೆಯದರಲ್ಲಿ ಕಿತ್ತಳೆಯಾಗಿದ್ದು ಬಲಿತಂತೆ ಮಾಸಲು ಕಂದಾಗುವುದು. ಗೊತ್ತಿಲ್ಲದವರು ಒಂದೇ ಹೊಂಡದ ಈ ಹುಳಗಳನ್ನು ಮೂರು ಪ್ರಭೇದ ಮಾಡಿಟ್ಟಾರು.

ಇದರ ತಿರುಗಾಮುರುಗಾ ಕೂಡ ಉಂಟು. ಸ್ಯೂಡಾಗ್ರಿಯಾನ್ ಕುಲದ ಮೈಕ್ರೊಸೆಫಾಲಮ್, ಆಸ್ಟ್ರಲೇಸಿಯೇ, ಮಲಬಾರಿಕಮ್ ಎಂಬ ಮೂರು ನೀಲಿ ಹುಳಗಳು ಮೇಲಿನಿಂದ ತೆಗೆದ ಫೋಟೋದಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಬಾಲದ ತುದಿಯ ಇಕ್ಕಳವನ್ನು ಬದಿಯಿಂದಲೂ ಮೇಲಿನಿಂದಲೂ ನೋಡದೆ ಹೆಸರು ಹೇಳಿದರೆ ಅದು ಅಂದಾಜು ಅಷ್ಟೇ.

ಇಕ್ಕಳ, ಕುತ್ತಿಗೆ, ಎರಡನೇ ಖಂಡ

ಗಂಡಿನ ಹೊಟ್ಟೆಯ ಹತ್ತನೇ ಖಂಡದ ತುದಿಯಲ್ಲಿ ನಾಲ್ಕು ಚಾಚುಗಳಿರುತ್ತವೆ. ಮೇಲಿನ ಜೋಡಿಗೆ ಸರ್ಸೈ, ಕೆಳಗಿನ ಜೋಡಿಗೆ ಪ್ಯಾರಾಪ್ರಾಕ್ಟ್ ಎನ್ನುತ್ತಾರೆ. ಕೂಡುವ ಮುನ್ನ ಗಂಡು ಈ ಇಕ್ಕಳದಿಂದ ಹೆಣ್ಣನ್ನು ಹಿಡಿಯುತ್ತದೆ. ಡ್ರ್ಯಾಗನ್‌ಫ್ಲೈಯಲ್ಲಿ ಹಿಡಿತ ಹೆಣ್ಣಿನ ತಲೆಗೆ. ಡ್ಯಾಮ್‌ಸೆಲ್‌ಫ್ಲೈಯಲ್ಲಿ ತಲೆಯ ಹಿಂದಿನ ಕುತ್ತಿಗೆ ಭಾಗದ ಫಲಕಕ್ಕೆ. ಇಕ್ಕಳದ ಆಕಾರ ಈ ಫಲಕದ ಉಬ್ಬುತಗ್ಗುಗಳಿಗೆ ಸರಿಹೊಂದಿದರೆ ಹೆಣ್ಣು ಒಪ್ಪುತ್ತದೆ, ಇಲ್ಲದಿದ್ದರೆ ಹೊಟ್ಟೆಯನ್ನು ಮುಂದಕ್ಕೆ ಬಾಗಿಸುವುದೇ ಇಲ್ಲ. ಕೀಲಿಗೂ ಕೀಲಿಕೈಗೂ ಇರುವ ಸಂಬಂಧವೇ ಇದು. ಹಾಗಾಗಿ ಪ್ರಭೇದಗಳ ನಡುವಿನ ಗಡಿ ಬಣ್ಣಕ್ಕಿಂತ ಮೊದಲು ಇಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು.

ಉತ್ತರ ಅಮೆರಿಕದ ಎನಲಾಗ್ಮಾ ಕುಲ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಹೆಗೆನಿ ಮತ್ತು ಎಬ್ರಿಯಮ್ ಎಂಬ ನೀಲಿ ಪ್ರಭೇದಗಳು ಒಂದೇ ಕೆರೆಯಲ್ಲಿ ಒಟ್ಟಿಗೇ ಹಾರುತ್ತವೆ, ಬಣ್ಣದಲ್ಲಿ ಭೇದ ಕಾಣದು, ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಡಿಎನ್‌ಎ ಕೂಡ ಬೇರ್ಪಡಿಸಲಾರದಷ್ಟು ಹತ್ತಿರ. ಗಂಡಿನ ಇಕ್ಕಳ ಮಾತ್ರ ಸ್ಪಷ್ಟವಾಗಿ ಬೇರೆ. ಡಿಎನ್‌ಎ ಸುಮ್ಮನಿದ್ದರೂ ಮೈ ಮಾತಾಡುವ ಸಂದರ್ಭ ಇದು.

ಇನ್ನೊಂದು ಅಂಗ ಹೊಟ್ಟೆಯ ಎರಡನೇ ಖಂಡದ ಅಡಿಯಲ್ಲಿದೆ. ಗಂಡಿನ ವೀರ್ಯ ಹೊರಬರುವುದು ಒಂಬತ್ತನೇ ಖಂಡದಲ್ಲಿ; ಅದನ್ನು ತಾನೇ ಬಾಗಿ ಎರಡನೇ ಖಂಡದ ಅಡಿಯ ಅಂಗಕ್ಕೆ ದಾಟಿಸಿಕೊಂಡು ಅಲ್ಲಿಂದ ಹೆಣ್ಣಿಗೆ ಕೊಡುತ್ತದೆ. ಈ ಅಂಗಕ್ಕೆ ಲಿಗ್ಯುಲಾ ಎಂದು ಹೆಸರು. ಕ್ಯಾಲೊಪ್ಟೆರಿಕ್ಸ್ ಮ್ಯಾಕುಲೇಟಾ ಎಂಬ ಹುಳದಲ್ಲಿ ಗಂಡು ಇದೇ ಅಂಗದಿಂದ ಹಿಂದಿನ ಗಂಡಿನ ವೀರ್ಯವನ್ನು ಕೆರೆದು ಹೊರಹಾಕುತ್ತದೆ ಎಂದು 1979ರಲ್ಲಿ ಜೊನಾಥನ್ ವೇಜ್ ತೋರಿಸಿದರು. ಗಂಡುಗಳ ನಡುವೆ ಇಂಥ ಪೈಪೋಟಿ ಇರುವ ಅಂಗ ಬೇಗ ಬದಲಾಗುವುದು ಸಹಜ. ಲಿಗ್ಯುಲಾದ ತುದಿ ಸೀಳಿದೆಯೇ, ಕೊಂಬುಗಳ ಉದ್ದ ಎಷ್ಟು, ಅವು ಯಾವ ಕಡೆ ಬಾಗಿವೆ ಎಂಬುದನ್ನು 40 ಪಟ್ಟು ದೊಡ್ಡದು ಮಾಡುವ ಸ್ಟೀರಿಯೋ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಒಣಗಿದ ಮಾದರಿಯಾದರೆ ಬಿಸಿನೀರಿನ ಹಬೆಯಲ್ಲಿ ಮೆತ್ತಗಾಗಿಸಿ ಸೂಜಿಯಿಂದ ನಿಧಾನಕ್ಕೆ ಮೇಲೆತ್ತಬೇಕು. ಒಣಗಿದ್ದಾಗಲೇ ಎಳೆದರೆ ಬುಡದಲ್ಲಿ ಮುರಿಯುತ್ತದೆ. ಹೊಸದಾಗಿ ಪೊರೆ ಬಿಟ್ಟ ಹುಳದ ಇಕ್ಕಳ ಒಣಗುವಾಗ ಮುದುಡಿ ಸೊಟ್ಟಗಾಗುತ್ತದೆ. ಆ ಸೊಟ್ಟವನ್ನೇ ಹೊಸ ಲಕ್ಷಣ ಎಂದು ಬರೆದುಬಿಡುವ ಅಪಾಯ ಇರುವುದರಿಂದ ಎಳೆಯ ಮಾದರಿಗಳನ್ನು ಅಳತೆಯಿಂದ ಹೊರಗಿಡುವುದೇ ಒಳ್ಳೆಯದು.

ರೆಕ್ಕೆಯ ಸಾಕ್ಷಿ ಬೇರೆ ಬಗೆಯದು. ನರಗಳು ಕೂಡುವ 15–20 ಬಿಂದುಗಳನ್ನು ಫೋಟೋದ ಮೇಲೆ ಗುರುತಿಸಿ, ಗಾತ್ರ ಮತ್ತು ತಿರುವಿನ ವ್ಯತ್ಯಾಸವನ್ನು ಲೆಕ್ಕದಿಂದ ತೆಗೆದುಹಾಕಿದರೆ ಉಳಿಯುವುದು ಬರೀ ಆಕಾರ. ಗಾತ್ರವನ್ನು ತೆಗೆಯಲೇಬೇಕು. ಮರಿ ಬೆಳೆದ ನೀರಿನ ತಾಪ, ಸಿಕ್ಕ ಆಹಾರ ಇವುಗಳಿಂದಲೇ ಒಂದೇ ಪ್ರಭೇದದ ಹುಳಗಳು ಗಾತ್ರದಲ್ಲಿ ಏರುಪೇರಾಗುತ್ತವೆ. ತಂಪು ಕಾಲದಲ್ಲಿ ಬೆಳೆದವು ದೊಡ್ಡವು, ಬೇಸಿಗೆಯವು ಚಿಕ್ಕವು ಆಗುವುದು ಸಾಮಾನ್ಯ. ನವೆಂಬರ್‌ನಲ್ಲಿ ಹಿಡಿದ ಒಂದು ಗುಂಪನ್ನು ಮೇ ತಿಂಗಳ ಇನ್ನೊಂದು ಗುಂಪಿನೊಂದಿಗೆ ಹೋಲಿಸಿ ‘ಎರಡು ಪ್ರಭೇದ’ ಎಂದರೆ ಋತುಗಳನ್ನೇ ಪ್ರಭೇದ ಮಾಡಿದಂತೆ. ಒಂದು ಜಾಗದಿಂದ ಒಂದು ಲಿಂಗದ ಕನಿಷ್ಠ ಹತ್ತು ಹುಳ ಬೇಕು. ಅಷ್ಟೂ ರೆಕ್ಕೆಗಳ ಬಿಂದುಗಳನ್ನು ಬೇರೆ ದಿನ ಇನ್ನೊಮ್ಮೆ ಗುರುತಿಸಬೇಕು; ಎರಡು ಗುರುತಿಸುವಿಕೆಗಳ ನಡುವಿನ ಅಂತರವೇ ಎರಡು ಗುಂಪುಗಳ ನಡುವಿನ ಅಂತರದಷ್ಟಿದ್ದರೆ ಆ ಲೆಕ್ಕ ಬಿಟ್ಟುಬಿಡಬೇಕು.

ದೈತ್ಯ ಹುಳದ ಪಾಠ

ಡಿಎನ್‌ಎ ಮತ್ತು ಮೈ ಎರಡೂ ಸೇರಿ ಒಂದು ಹೆಸರನ್ನು ಒಡೆದ ಕಥೆಗಳಲ್ಲಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೆಗಾಲೊಪ್ರೆಪಸ್‌ನದು ಚೆನ್ನಾಗಿ ತಿಳಿದದ್ದು. ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್‌ವರೆಗೆ ಅಗಲವಾಗುವ ಇದು ಬದುಕಿರುವ ಡ್ಯಾಮ್‌ಸೆಲ್‌ಫ್ಲೈಗಳಲ್ಲೇ ದೊಡ್ಡದು. ಜೇಡರ ಬಲೆಯಿಂದ ಜೇಡವನ್ನೇ ಕಿತ್ತು ತಿನ್ನುತ್ತದೆ. ಮೊಟ್ಟೆ ಇಡುವುದು ದೊಡ್ಡ ಮರಗಳ ಪೊಟರೆಯಲ್ಲಿ ನಿಂತ ಮಳೆನೀರಿನಲ್ಲಿ. ಪೊಟರೆಗಳಿರುವುದು ಹಳೆಯ ದಟ್ಟ ಕಾಡಿನಲ್ಲಿ. ಆದ್ದರಿಂದ ಕಾಡು ಕಡಿದ ಬಯಲು ಅದಕ್ಕೆ ಸಮುದ್ರವಿದ್ದಂತೆಯೇ ಸರಿ.

1782ರಲ್ಲಿ ಕೀಟತಜ್ಞ ಡ್ರೂರಿ ಹೆಸರಿಟ್ಟಂದಿನಿಂದ ಇದರ ಹೆಸರು ಸೆರುಲೇಟಸ್. 1860ರಲ್ಲಿ ಬೆಲ್ಜಿಯಂನ ಸೆಲಿಸ್, ಲ್ಯಾಟಿಪೆನ್ನಿಸ್ ಮತ್ತು ಬ್ರೆವಿಸ್ಟಿಗ್ಮಾ ಎಂಬ ಇನ್ನೆರಡು ಹೆಸರು ಕೊಟ್ಟರು. ನಂತರದವರು ಅವನ್ನು ಒಪ್ಪದೆ ಎಲ್ಲವನ್ನೂ ಒಂದರಲ್ಲೇ ಸೇರಿಸಿದರು; ಒಂದೇ ಪ್ರಭೇದದ ಕುಲ ಎಂದು ಪುಸ್ತಕಗಳಲ್ಲಿ ಉಳಿಯಿತು. 2014ರಲ್ಲಿ ಪ್ರಕಟವಾದ ಕೆಲಸದಲ್ಲಿ ಬೇರೆ ಬೇರೆ ಕಾಡುಗಳ ಹುಳಗಳ ಡಿಎನ್‌ಎ ಹೋಲಿಸಿದಾಗ ಗುಂಪುಗಳ ನಡುವೆ ಒಂದೇ ಪ್ರಭೇದಕ್ಕೆ ಹೆಚ್ಚೆನಿಸುವಷ್ಟು ಅಂತರ ಸಿಕ್ಕಿತು. ಆದರೆ ಅದರ ಆಧಾರದ ಮೇಲೆ ಯಾರೂ ಕೂಡಲೇ ಹೆಸರಿಡಲಿಲ್ಲ. ರೆಕ್ಕೆಯ ಆಕಾರ, ಪಟ್ಟಿ, ತುದಿಯ ಚುಕ್ಕೆಯಂಥ ಮೈಯ ಲಕ್ಷಣಗಳನ್ನು ಅಳೆದು, ಡಿಎನ್‌ಎ ಗುಂಪುಗಳೊಂದಿಗೆ ತಾಳೆ ಹಾಕಿದ ಮೇಲೆ, 2022ರಲ್ಲಿ ಸೆಲಿಸ್‌ನ ಎರಡೂ ಹಳೆಯ ಹೆಸರುಗಳಿಗೆ ಮತ್ತೆ ಜೀವ ಬಂತು, ಡಯಾಬೊಲಿ ಎಂಬ ಒಂದು ಹೊಸ ಪ್ರಭೇದವೂ ಸೇರಿತು. ಒಂದಿದ್ದದ್ದು ನಾಲ್ಕಾಯಿತು. ನಾಲ್ಕರಲ್ಲಿ ಮೂರಕ್ಕೆ ಹೆಸರು 160 ವರ್ಷಗಳಿಗೂ ಹಿಂದೆಯೇ ಇತ್ತು ಎಂಬುದನ್ನು ಗಮನಿಸಿ. ಹಳೆಯ ಮಾದರಿಗಳ ಪೆಟ್ಟಿಗೆ ತೆರೆದು ನೋಡದೆ ಹೊಸ ಹೆಸರು ಕೊಡಲು ಹೊರಟವರು ಎಡವುವುದು ಇಲ್ಲಿಯೇ.

ಪಶ್ಚಿಮ ಘಟ್ಟದಲ್ಲೂ ಇದೇ ದಾರಿ ಸವೆಯುತ್ತಿದೆ. ಕೇರಳದ ಅಗಸ್ತ್ಯಮಲೆ ತಪ್ಪಲಲ್ಲಿ ಸಿಕ್ಕ ಮೆಲನೊನ್ಯೂರಾ ಹುಳವನ್ನು ಮೊದಲು ಕುಲದ ಏಕೈಕ ಪ್ರಭೇದವಾದ ಬೈಲಿನಿಯೇಟಾ ಎಂದೇ ತಿಳಿದಿದ್ದರು. ಕುತ್ತಿಗೆ ಫಲಕ, ಬಾಲದ ಇಕ್ಕಳ, ಎರಡನೇ ಖಂಡದ ಅಂಗ ಮೂರೂ ಬೇರೆಯೆಂದು ಕಂಡವು. ಸಿಒಐ ಎಂಬ ಮೈಟೊಕಾಂಡ್ರಿಯಾ ಜೀನ್‌ನಲ್ಲಿ ಶೇ 7ಕ್ಕೂ ಹೆಚ್ಚು ವ್ಯತ್ಯಾಸ ಸಿಕ್ಕಿತು. ಈಗ ಅದು ಅಗಸ್ತ್ಯಮಲೈಕಾ. ಬೆಳಗಾವಿಗೆ ಹತ್ತಿರ ಬಂದರೆ, ಸಿಂಧುದುರ್ಗ ಜಿಲ್ಲೆಯಿಂದ 2019ರಲ್ಲಿ ಸೆರಿಯಾಗ್ರಿಯಾನ್ ಕ್ರೊಮೊಥೊರ್ಯಾಕ್ಸ್, ಸಾತಾರಾದ ತೋಸೆಘರ್ ಕಡೆಯಿಂದ 2021ರಲ್ಲಿ ಯುಫಿಯಾ ತೋಸೆಘರೆನ್ಸಿಸ್ ಹೊಸದಾಗಿ ಬಂದವು. ಸಿಂಧುದುರ್ಗದ ಗಡಿ ಬೆಳಗಾವಿ ಜಿಲ್ಲೆಗೆ ತಾಗಿಕೊಂಡೇ ಇದೆ.

ಇಲ್ಲೊಂದು ಮಾತು ಹೇಳಲೇಬೇಕು. ‘ಅಡಗಿದ ಪ್ರಭೇದ’ ಎಂಬ ಪಟ್ಟ ಹಲವು ಸಲ ಹುಳಕ್ಕಿಂತ ನೋಡುವವರಿಗೇ ಸಲ್ಲಬೇಕು. 2015ರಲ್ಲಿ ಆಫ್ರಿಕಾದಿಂದ ಒಂದೇ ಸಲಕ್ಕೆ 60 ಹೊಸ ಡ್ರ್ಯಾಗನ್‌ಫ್ಲೈ, ಡ್ಯಾಮ್‌ಸೆಲ್‌ಫ್ಲೈಗಳನ್ನು ವಿವರಿಸಿದ ತಂಡ, ಅವನ್ನು ಫೋಟೋದಲ್ಲೇ ಗುರುತಿಸಬಹುದು ಎಂದಿತ್ತು. ಅಲ್ಲಿಗೆ ಹೋಗಿ, ಸರಿಯಾದ ಕಡೆ ಕಣ್ಣಿಟ್ಟು ನೋಡಿದವರು ಇರಲಿಲ್ಲ, ಅಷ್ಟೇ.

658 ಅಕ್ಷರಗಳ ಸಾಕ್ಷಿ

ಸಿಒಐ ಜೀನ್‌ನ ಸುಮಾರು 658 ಅಕ್ಷರಗಳ (ಡಿಎನ್‌ಎಯ ಎ, ಸಿ, ಜಿ, ಟಿ ಎಂಬ ಘಟಕಗಳ) ತುಂಡನ್ನು ಪ್ರಾಣಿಗಳ ಬಾರ್‌ಕೋಡ್ ಆಗಿ ಬಳಸುವ ಪದ್ಧತಿ 2003ರಿಂದ ಬೆಳೆಯಿತು. ಕೆಲಸದ ಕ್ರಮ ಹೀಗೆ: ಹುಳದ ಒಂದು ಕಾಲು ಸಾಕು. ಅದನ್ನು ಪ್ರೋಟಿನೇಸ್-ಕೆ ಎಂಬ ಕಿಣ್ವದಲ್ಲಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಇಟ್ಟು ಕರಗಿಸಿ, ಡಿಎನ್‌ಎ ಬೇರ್ಪಡಿಸುತ್ತಾರೆ. ಡಿಎನ್‌ಎಯ ನಕಲು ತೆಗೆಯುವ ಪಿಸಿಆರ್ ಯಂತ್ರದಲ್ಲಿ 94 ಡಿಗ್ರಿಯಲ್ಲಿ ಎಳೆ ಬಿಡಿಸಿ, 48–50 ಡಿಗ್ರಿಯಲ್ಲಿ ಪ್ರೈಮರ್ (ನಕಲು ಶುರುವಾಗಲು ಬೇಕಾದ ಚಿಕ್ಕ ಡಿಎನ್‌ಎ ತುಂಡು) ಅಂಟಿಸಿ, 72 ಡಿಗ್ರಿಯಲ್ಲಿ ನಕಲು ಬೆಳೆಸುವ ಸುತ್ತನ್ನು 35 ಸಲ ನಡೆಸುತ್ತಾರೆ. ಪ್ರತಿ ಸರದಿಯಲ್ಲೂ ಡಿಎನ್‌ಎ ಹಾಕದ ಒಂದು ಕೊಳವೆ ಇರಲೇಬೇಕು. ಅದರಲ್ಲೂ ನಕಲು ಆಗಿದೆ ಎಂದು ತೋರಿಸುವ ಪಟ್ಟಿ ಮೂಡಿದರೆ ಎಲ್ಲೋ ಕಲಬೆರಕೆ ಆಗಿದೆ ಎಂದರ್ಥ. ಆ ಸರದಿಯ ಫಲಿತಾಂಶ ಪೂರ್ತಿ ಚೆಲ್ಲಬೇಕು. ಬಂದ ನಕಲನ್ನು ಎರಡೂ ತುದಿಯಿಂದ ಓದಿಸಿ ತಾಳೆ ನೋಡಬೇಕು.

ಅಂತರದ ಲೆಕ್ಕ ಸರಳ. 658ರಲ್ಲಿ 46 ಅಕ್ಷರ ಬೇರೆಯಾದರೆ ಸರಿಸುಮಾರು ಶೇ 7. ಕೀಟಗಳಲ್ಲಿ ಎರಡು ಕವಲುಗಳ ನಡುವೆ ಹತ್ತು ಲಕ್ಷ ವರ್ಷಕ್ಕೆ ಸುಮಾರು ಶೇ 2.3 ಅಂತರ ಬೆಳೆಯುತ್ತದೆ ಎಂಬ ಹಳೆಯ ಅಂದಾಜಿನಂತೆ ಇದು ಮೂವತ್ತು ಲಕ್ಷ ವರ್ಷದ ಅಗಲಿಕೆ. ಶೇ 2 ಅಥವಾ 3 ದಾಟಿದರೆ ಬೇರೆ ಪ್ರಭೇದ ಎಂಬ ಮಾತು ಕೇಳಿಬರುತ್ತದೆ. ಅದು ಅನುಕೂಲಕ್ಕೆ ಹಾಕಿಕೊಂಡ ಗೆರೆಯೇ ಹೊರತು ನಿಯಮವಲ್ಲ. ಎನಲಾಗ್ಮಾದಲ್ಲಿ ಸೊನ್ನೆಯ ಹತ್ತಿರದ ಅಂತರದಲ್ಲೂ ಪ್ರಭೇದಗಳು ಬೇರೆಯೇ.

ಹಾಳಾಗುವ ದಾರಿಗಳಲ್ಲಿ ಮೊದಲನೆಯದು ನಕಲಿ ಪ್ರತಿ. ಮೈಟೊಕಾಂಡ್ರಿಯಾ ಜೀನ್‌ನ ತುಂಡುಗಳು ಹಿಂದೆಂದೋ ಕೋಶಕೇಂದ್ರದ ಡಿಎನ್‌ಎ ಒಳಗೆ ಸೇರಿಕೊಂಡು, ಕೆಲಸವಿಲ್ಲದೆ ಬಿದ್ದಿರುತ್ತವೆ. ಪ್ರೈಮರ್ ಕೆಲವು ಸಲ ಅಸಲಿಯ ಬದಲು ಇದನ್ನೇ ಹಿಡಿಯುತ್ತದೆ. ಆಗ ಒಂದೇ ಹಳ್ಳದ ಹುಳಗಳಲ್ಲಿ ಒಂದೆರಡು ಮಾತ್ರ ದೂರ ಸಿಡಿದು ‘ಹೊಸ ಪ್ರಭೇದ’ದಂತೆ ಕಾಣುತ್ತವೆ. ಪತ್ತೆ ಹಚ್ಚಲು ಓದಿದ ಅಕ್ಷರಗಳನ್ನು ಪ್ರೋಟೀನ್‌ಗೆ ಅನುವಾದಿಸಿ ನೋಡಬೇಕು: ನಡುವೆ ನಿಲುಗಡೆ ಸಂಕೇತ ಬಂದರೆ, ಅಥವಾ ಮೂರರ ಲೆಕ್ಕ ತಪ್ಪುವಂತೆ ಅಕ್ಷರ ಬಿಟ್ಟುಹೋಗಿದ್ದರೆ ಅದು ನಕಲಿ. ಇಲ್ಲೂ ಒಂದು ಗುಂಡಿ ಇದೆ. ಕೀಟಗಳ ಮೈಟೊಕಾಂಡ್ರಿಯಾದಲ್ಲಿ ಟಿಜಿಎ ಎಂಬ ಮೂರು ಅಕ್ಷರ ನಿಲುಗಡೆಯಲ್ಲ, ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದ ಸಂಕೇತ. ತಂತ್ರಾಂಶದಲ್ಲಿ ಅಕಶೇರುಕಗಳ ಮೈಟೊಕಾಂಡ್ರಿಯಾ ಸಂಕೇತ ಪಟ್ಟಿ ಆರಿಸದೆ ಸಾಮಾನ್ಯ ಪಟ್ಟಿಯಲ್ಲೇ ಅನುವಾದಿಸಿದರೆ ಒಳ್ಳೆಯ ಅನುಕ್ರಮವೂ ನಕಲಿಯಂತೆ ಕಂಡು ಕಸದ ಬುಟ್ಟಿ ಸೇರುತ್ತದೆ.

ಎರಡನೆಯದು ವೋಲ್ಬಾಕಿಯಾ. ಇದು ಕೀಟಗಳ ಕೋಶದೊಳಗೆ ಬದುಕುವ ಬ್ಯಾಕ್ಟೀರಿಯಾ; ತಾಯಿಯಿಂದ ಮಾತ್ರ ಮಕ್ಕಳಿಗೆ ಹೋಗುತ್ತದೆ. ಮೈಟೊಕಾಂಡ್ರಿಯಾ ಕೂಡ ಹಾಗೆಯೇ. ಬ್ಯಾಕ್ಟೀರಿಯಾ ಹಬ್ಬಿದಾಗ ಅದರ ಜೊತೆಗಿದ್ದ ಮೈಟೊಕಾಂಡ್ರಿಯಾವೂ ಹಬ್ಬಿ, ಎರಡು ಪ್ರಭೇದಗಳ ಬಾರ್‌ಕೋಡ್ ಒಂದೇ ಆಗಬಹುದು, ಇಲ್ಲವೆ ಒಂದೇ ಪ್ರಭೇದದಲ್ಲಿ ಎರಡು ಬಾರ್‌ಕೋಡ್ ಕಾಣಬಹುದು. ಅದಕ್ಕಾಗಿ ಅದೇ ಡಿಎನ್‌ಎಯಲ್ಲಿ ವೋಲ್ಬಾಕಿಯಾ ಇದೆಯೇ ಎಂದೂ ಪರೀಕ್ಷಿಸುವುದು ಒಳ್ಳೆಯದು.

ಮೂರನೆಯದು ಮಾದರಿ ಸಂಗ್ರಹದ ಕೊರತೆ. ನಮ್ಮ ಅನಿಸಿಕೆಯಲ್ಲಿ ಹೆಚ್ಚು ತಪ್ಪಾಗುವುದು ಇದರಿಂದಲೇ. ಖಾನಾಪುರದ ಹತ್ತು ಹುಳ, ಆಗುಂಬೆಯ ಹತ್ತು ಹುಳ ಹೋಲಿಸಿದರೆ ನಡುವೆ ದೊಡ್ಡ ಅಂತರ ಸಿಗಬಹುದು. ದಾಂಡೇಲಿ, ಯಲ್ಲಾಪುರ, ಶಿರಸಿ ಕಡೆಯ ಹುಳಗಳನ್ನು ಸೇರಿಸಿದರೆ ಅದೇ ಅಂತರ ಮೆಟ್ಟಿಲು ಮೆಟ್ಟಿಲಾಗಿ ತುಂಬಿಕೊಂಡು, ಗಡಿಯೇ ಇಲ್ಲದ ಒಂದೇ ಪ್ರಭೇದ ಎಂದು ತಿಳಿಯಬಹುದು. ಅಂತರ ನೋಡಿ ಗುಂಪು ಮಾಡುವ ಎಬಿಜಿಡಿ, ಆಸಾಪ್, ವಂಶವೃಕ್ಷದ ಕವಲು ನೋಡಿ ಗುಂಪು ಮಾಡುವ ಪಿಟಿಪಿ, ಜಿಎಂವೈಸಿ ಮುಂತಾದ ತಂತ್ರಾಂಶಗಳಿಗೆ ನಡುವಿನ ಊರುಗಳು ಬಿಟ್ಟುಹೋಗಿವೆ ಎಂಬುದು ಗೊತ್ತಾಗುವುದಿಲ್ಲ. ಅವು ಕೊಡುವುದು ಒಂದು ಊಹೆ. ತೀರ್ಪು ಎಂದು ಓದಬಾರದು.

ಒಂದೇ ಹಳ್ಳದಲ್ಲಿ ಸಿಗುವ ಗಟ್ಟಿ ಸಾಕ್ಷಿ

ಮೈಟೊಕಾಂಡ್ರಿಯಾ ಬರೀ ತಾಯಿಯ ಕಥೆ ಹೇಳುತ್ತದೆ. ತಂದೆಯ ಪಾಲೂ ತಿಳಿಯಬೇಕಾದರೆ ಕೋಶಕೇಂದ್ರದ ಜೀನ್ ಬೇಕು. ಅಲ್ಲಿ ಪ್ರತಿ ಹುಳಕ್ಕೂ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಜೀನ್‌ನ ಒಂದು ಸ್ಥಾನದಲ್ಲಿ ಮೊದಲ ಬಗೆಯ ಹುಳಗಳಿಗೆ ‘ಸಿ’, ಎರಡನೇ ಬಗೆಯವಕ್ಕೆ ‘ಟಿ’ ಇದೆ ಎನ್ನಿ. ಎರಡೂ ಬಗೆ ಒಂದೇ ಹಳ್ಳದಲ್ಲಿ ಸಮಪ್ರಮಾಣದಲ್ಲಿದ್ದು, ಭೇದವಿಲ್ಲದೆ ಕೂಡುತ್ತಿದ್ದರೆ, ಹುಟ್ಟುವ ಹುಳಗಳಲ್ಲಿ ಅರ್ಧದಷ್ಟು ಸಿ-ಟಿ ಮಿಶ್ರವಾಗಿರಬೇಕು. ಅನುಕ್ರಮದ ಚಿತ್ರದಲ್ಲಿ ಅಂಥ ಸ್ಥಾನದಲ್ಲಿ ಎರಡು ಶಿಖರ ಒಂದರ ಮೇಲೊಂದು ಮೂಡುತ್ತವೆ. 20 ಹುಳ ಓದಿಸಿ ಒಂದರಲ್ಲೂ ಎರಡು ಶಿಖರ ಕಾಣದಿದ್ದರೆ? ಕೂಡುತ್ತಿದ್ದೂ ಹೀಗಾಗುವ ಸಂಭವ ಅರ್ಧವನ್ನು 20 ಸಲ ಗುಣಿಸಿದಷ್ಟು, ಅಂದರೆ ಹತ್ತು ಲಕ್ಷಕ್ಕೆ ಒಂದು. ಅವು ಒಂದೇ ಕಲ್ಲಿನ ಮೇಲೆ ಕೂತರೂ ಸಂಸಾರ ಮಾಡುತ್ತಿಲ್ಲ.

ಒಂದು ಬಗೆ ಅಪರೂಪವಾಗಿದ್ದರೆ ಲೆಕ್ಕ ಸಡಿಲವಾಗುತ್ತದೆ. ಹತ್ತಕ್ಕೆ ಒಂದರಷ್ಟಿದ್ದರೆ ನಿರೀಕ್ಷೆಯ ಮಿಶ್ರ ಪ್ರಮಾಣ ಶೇ 18 ಮಾತ್ರ. 20 ಹುಳಗಳಲ್ಲಿ ಒಂದೂ ಮಿಶ್ರ ಸಿಗದಿರುವ ಸಂಭವ ನೂರಕ್ಕೆ ಸುಮಾರು ಎರಡು. ಆಗ ಹುಳಗಳ ಸಂಖ್ಯೆಯನ್ನೂ ಜೀನ್‌ಗಳ ಸಂಖ್ಯೆಯನ್ನೂ ಹೆಚ್ಚಿಸಬೇಕು. ಐಟಿಎಸ್, 28ಎಸ್, ಇಎಫ್-1 ಆಲ್ಫಾ ಮುಂತಾದ ಕೋಶಕೇಂದ್ರದ ಡಿಎನ್‌ಎ ತುಂಡುಗಳಲ್ಲಿ ಎರಡು ಮೂರು ನೋಡುವುದು ರೂಢಿ. ಹಣವಿದ್ದರೆ ಸಾವಿರಾರು ಸ್ಥಾನಗಳನ್ನು ಒಟ್ಟಿಗೆ ಓದುವ ರ‍್ಯಾಡ್ ವಿಧಾನವೂ ಇದೆ.

ಎರಡು ಗುಂಪು ಒಂದೇ ಕಡೆ ಸಿಗದಿದ್ದರೆ ಈ ಗಟ್ಟಿ ಪರೀಕ್ಷೆ ನಡೆಯದು. ಮಲಪ್ರಭೆಯ ಮೇಲ್ಹಳ್ಳದ್ದು, ಮಹದಾಯಿಯ ಮೇಲ್ಹಳ್ಳದ್ದು ಎಂದೂ ಭೇಟಿಯಾಗದಿದ್ದರೆ, ಭೇಟಿಯಾದಾಗ ಕೂಡುತ್ತವೆಯೋ ಇಲ್ಲವೋ ಎಂದು ಪ್ರಕೃತಿ ತೋರಿಸುವುದಿಲ್ಲ. ಆಗ ಇಕ್ಕಳ, ಕುತ್ತಿಗೆ ಫಲಕ, ಲಿಗ್ಯುಲಾ, ಮೈಟೊಕಾಂಡ್ರಿಯಾ, ಕೋಶಕೇಂದ್ರ ಈ ಎಲ್ಲವೂ ಒಂದೇ ಜಾಗದಲ್ಲಿ ಗೆರೆ ಎಳೆಯುತ್ತವೆಯೇ ಎಂದು ನೋಡಬೇಕು. ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ ಗೆರೆ ಎಳೆದರೆ ಹೆಸರಿಡುವ ಆತುರ ಬೇಡ.

ಸಾಕ್ಷಿಗಳು ಒಂದಕ್ಕೊಂದು ವಿರುದ್ಧ ನಿಂತರೂ ಅದರಿಂದ ತಿಳಿಯುವುದು ಇರುತ್ತದೆ. ಯುರೋಪ್–ಏಷ್ಯಾದ ಉತ್ತರ ಭಾಗದಲ್ಲೂ ಉತ್ತರ ಅಮೆರಿಕದಲ್ಲೂ ಇರುವ ಎನಲಾಗ್ಮಾ ಸಯಾತಿಜೆರಮ್ ಒಂದೇ ಪ್ರಭೇದ ಎಂದು ನಂಬಿದ್ದರು. ಇಕ್ಕಳವೂ ಬಹುತೇಕ ಒಂದೇ. 2005ರಲ್ಲಿ ಡಿಎನ್‌ಎ ನೋಡಿದಾಗ ಎರಡು ಖಂಡದವು ಬೇರೆ ಬೇರೆ ಕವಲಿನಿಂದ ಬಂದು, ಒಂದೇ ಬಗೆಯ ರೂಪವನ್ನು ತಾವು ತಾವಾಗಿ ಪಡೆದಿದ್ದವು ಎಂದು ತಿಳಿಯಿತು. ಈಗ ಅಮೆರಿಕದ್ದು ಅನೆಕ್ಸಮ್. ಅಂದರೆ ಇಕ್ಕಳ ಕೂಡ ಕೊನೆಯ ಮಾತಲ್ಲ.

ನಮ್ಮ ಬೆಳಗಾವಿ, ವಿಜಯಪುರ ಕಡೆ ಎಲ್ಲಿ, ಹೇಗೆ

ಎಲ್ಲ ನೀರಿನಲ್ಲೂ ಅಡಗಿದ ಪ್ರಭೇದ ಸಿಗುವ ಸಂಭವ ಒಂದೇ ಅಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯ ವಿಜಯಪುರದಲ್ಲಿ ಹೊಂಡಗಳು ಒಣಗುತ್ತವೆ, ಮತ್ತೆ ತುಂಬುತ್ತವೆ. ಅಲ್ಲಿ ಬದುಕುವ ಇಸ್ಕ್ನೂರಾದಂಥವು ಗಾಳಿಯಲ್ಲಿ ತೇಲಿ ದೂರ ಹೋಗಬಲ್ಲವು. ಆಲಮಟ್ಟಿ ಹಿನ್ನೀರು, ಕಾಲುವೆಗಳು ಅವುಗಳಿಗೆ ಇನ್ನಷ್ಟು ಮೆಟ್ಟಿಲುಗಳು. ಅಂಥವುಗಳ ಜೀನ್‌ಗಳು ಊರಿಂದೂರಿಗೆ ಬೆರೆಯುತ್ತಿರುತ್ತವೆ. ಖಾನಾಪುರ ಕಡೆಯ ನೆರಳಿನ ಹಳ್ಳದ ಹುಳಗಳ ಪಾಡು ಬೇರೆ: ಬಿಸಿಲು ಬಯಲಿಗೆ ಬರಲೊಲ್ಲವು, ಒಂದೇ ಹಳ್ಳದ ಉದ್ದಕ್ಕೆ ಜೀವಮಾನ ಕಳೆಯುತ್ತವೆ. ಹುಡುಕಲು ಮೊದಲು ಹೋಗಬೇಕಾದದ್ದು ಜಾಂಬೋಟಿ, ಕಣಕುಂಬಿ, ಭೀಮಗಡದ ಹಳ್ಳಗಳಿಗೆ. ಭೀಮಗಡ 2011ರಿಂದ ವನ್ಯಜೀವಿಧಾಮ; ಅರಣ್ಯ ಇಲಾಖೆಯ ಬರಹದ ಅನುಮತಿ ಇಲ್ಲದೆ ಬಲೆ ಹಿಡಿದು ಒಳಗೆ ಹೋಗುವಂತಿಲ್ಲ. ಹೊಸ ಪ್ರಭೇದವೆಂದು ವಿವರಿಸಿದರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಮಾದರಿಯನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು.

ಬಲೆ ಇಲ್ಲದೆಯೂ ಉಪಯುಕ್ತ ಕೆಲಸ ಆಗುತ್ತದೆ. ಮೈಯ ಒಂದು ಬದಿಯ ಪೂರ್ತಿ ಚಿತ್ರ, ತುದಿಯ ಮೂರು ಖಂಡ ಮತ್ತು ಇಕ್ಕಳ ಮೇಲಿನಿಂದ ಒಂದು, ಬದಿಯಿಂದ ಒಂದು, ಹೆಣ್ಣಾದರೆ ತಲೆಯ ಹಿಂದಿನ ಫಲಕದ್ದು ಒಂದು: ಇಷ್ಟು ಫೋಟೋ ಇದ್ದರೆ ಆಮೇಲೆ ನೋಡುವವರಿಗೆ ಹಿಡಿಯಲು ಎಳೆ ಸಿಗುತ್ತದೆ. ಬಣ್ಣ ಚೆನ್ನಾಗಿ ಬಂದು ಇಕ್ಕಳ ಮಸುಕಾದ ಚಿತ್ರ ಗೋಡೆಗೆ ಹಾಕಲು ಸರಿ.

ಮಾದರಿ ಇಡುವಾಗ ಒಂದೇ ದ್ರವ ಎಲ್ಲಕ್ಕೂ ಆಗುವುದಿಲ್ಲ. ಹಿಂಗಾಲು ಒಂದನ್ನು ತೆಗೆದು ಶೇ 96ರ ಎಥನಾಲ್‌ನಲ್ಲಿ ಹಾಕಿ, ಮರುದಿನ ದ್ರವ ಬದಲಿಸಿ, ಆದಷ್ಟು ಬೇಗ ಮೈನಸ್ 20 ಡಿಗ್ರಿಗೆ ಸೇರಿಸಬೇಕು. ಶೇ 70ರದ್ದಾದರೆ ಕಾಲಕ್ರಮದಲ್ಲಿ ಡಿಎನ್‌ಎ ಚೂರಾಗುತ್ತದೆ. ಫಾರ್ಮಲಿನ್ ಬೇಡವೇ ಬೇಡ. ಅದು ಡಿಎನ್‌ಎಯನ್ನು ಪ್ರೋಟೀನ್‌ಗೆ ಬೆಸೆದುಬಿಡುತ್ತದೆ. ಬಣ್ಣದಂಗಡಿಯ ಸ್ಪಿರಿಟ್‌ನಲ್ಲಿ ಬೆರೆಸಿದ ವಸ್ತುಗಳೂ ಕಾಟ ಕೊಡುತ್ತವೆ. ಉಳಿದ ಮೈಯನ್ನು ಹೊಟ್ಟೆ ನೇರ ಮಾಡಿ ಕಾಗದದ ಲಕೋಟೆಯಲ್ಲಿಟ್ಟು, ಒಂದು ರಾತ್ರಿ ಅಸಿಟೋನ್‌ನಲ್ಲಿ ಮುಳುಗಿಸಿ ಒಣಗಿಸಿದರೆ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ. ಅಸಿಟೋನ್ ಬೆಂಕಿಗೆ ಥಟ್ಟನೆ ಹೊತ್ತಿಕೊಳ್ಳುತ್ತದೆ, ಹಲವು ಬಗೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಕರಗಿಸುತ್ತದೆ; ಗಾಜಿನ ಅಥವಾ ಪಾಲಿಪ್ರೊಪಿಲೀನ್ ಡಬ್ಬಿ ಬಳಸಿ, ಕಿಟಕಿ ತೆರೆದಿಡಿ. ಕಾಲಿಗೂ ಮೈಗೂ ಒಂದೇ ಸಂಖ್ಯೆ. ದಿನಾಂಕ, ಹಳ್ಳದ ಹೆಸರು, ಅಕ್ಷಾಂಶ ರೇಖಾಂಶ ಪೆನ್ಸಿಲ್‌ನಲ್ಲಿ ಬರೆಯಬೇಕು. ಬಾಲ್‌ಪೆನ್ನಿನ ಶಾಯಿ ಆಲ್ಕೊಹಾಲ್‌ನಲ್ಲಿ ತೊಳೆದುಹೋಗಿ, ಮಾದರಿ ಉಳಿದರೂ ಅದರ ಊರು ಉಳಿಯುವುದಿಲ್ಲ.

ಕಾಲಿನ ಒಂದು ತುಂಡು ತೆಗೆದು ಹುಳವನ್ನು ಹಾರಿಬಿಡುವ ಪದ್ಧತಿಯೂ ಉಂಟು. ಗುಂಪು ಚಿಕ್ಕದಾಗಿರುವಲ್ಲಿ ಅದೇ ಸರಿ. ಆದರೆ ಆರು ತಿಂಗಳ ನಂತರ ಬಾರ್‌ಕೋಡ್ ಬೇರೆಯೆಂದು ಬಂದಾಗ ಇಕ್ಕಳ ನೋಡಲು ಹುಳವೇ ಇರುವುದಿಲ್ಲ. ಹಾಗಾಗಿ ಬಿಡುವ ಮುನ್ನ ಮೇಲೆ ಹೇಳಿದ ಫೋಟೋಗಳು ಆಗಿರಲೇಬೇಕು, ಪ್ರತಿ ಹಳ್ಳದಿಂದ ಒಂದೆರಡು ಗಂಡಾದರೂ ಪೂರ್ತಿ ಮಾದರಿಯಾಗಿ ಉಳಿಯಬೇಕು.

ಜೋಡಿಯಾಗಿ ಹಾರುವ ಹುಳಗಳು ಸಿಕ್ಕರೆ ಒಂದೇ ಲಕೋಟೆ ಸಂಖ್ಯೆಗೆ ‘ಗಂ’, ‘ಹೆ’ ಸೇರಿಸಿ ಇಡಿ. ಹೆಣ್ಣಿನ ಫಲಕ ಯಾವ ಇಕ್ಕಳಕ್ಕೆ ಹೊಂದುತ್ತದೆ ಎಂದು ತಿಳಿಯುವ ನೇರ ದಾರಿ ಅದು. ಆದರೂ ಆ ಜೋಡಿಯ ಎರಡೂ ಕಾಲುಗಳನ್ನು ಬೇರೆ ಬೇರೆಯಾಗಿಯೇ ಓದಿಸಬೇಕು: ಗಂಡುಗಳು ಆತುರದಲ್ಲಿ ಬೇರೆ ಪ್ರಭೇದದ ಹೆಣ್ಣನ್ನು ಹಿಡಿದು ಹಾರುವುದು ಅಪರೂಪವೇನಲ್ಲ.